ಮದ್ಯವ್ಯಸನ ವಿಮುಕ್ತಿ: ಸ್ವಸಹಾಯ ಸಭೆಗೆ ಸೇರುವ ವಿಧಾನ

ಮದ್ಯಪಾನವನ್ನು ತ್ಯಜಿಸಬಯಸುವವರು ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಬಳಗವು 1935ರಲ್ಲಿ ಅಮೆರಿಕದಲ್ಲಿ ಆರಂಭಗೊಂಡಿದ್ದು, ಕರ್ನಾಟಕದಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಕುಡಿತ ಬಿಡುವ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಪ್ರವೇಶ ಶುಲ್ಕವಿರುವುದಿಲ್ಲ. ಪಾಲ್ಗೊಳ್ಳುವವರ ಗುರುತನ್ನು ಗೌಪ್ಯವಾಗಿಡಲಾಗುತ್ತದೆ.

ಸಮೀಪದ ಸಭೆಯ ಸ್ಥಳ ಹಾಗೂ ವೇಳೆಯನ್ನು ಎ.ಎ. ಸಹಾಯವಾಣಿಯಲ್ಲಿ ಅಥವಾ ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ. ಸಲಹೆಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮುಕ್ತ ಸಭೆಗೆ ಆಸಕ್ತರೆಲ್ಲರೂ ಬರಬಹುದು. ಇನ್ನುಳಿದವು ಕುಡಿತ ಬಿಡಬಯಸುವವರಿಗೆ ಮಾತ್ರ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ.

ಮುಖ್ಯ ಸೂಚನೆ: ಪ್ರತಿದಿನ ಅಧಿಕವಾಗಿ ಕುಡಿಯುವವರು ಹಠಾತ್ತನೆ ನಿಲ್ಲಿಸಿದಲ್ಲಿ ಫಿಟ್ಸ್, ಭ್ರಾಂತಿ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ಆದುದರಿಂದ ಅಂಥವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಸಭೆಯು ಚಿಕಿತ್ಸೆಗೆ ಪರ್ಯಾಯವಲ್ಲ. ಚಿಕಿತ್ಸೆಯ ನಂತರ ಮತ್ತೆ ಕುಡಿತಕ್ಕೆ ಮರಳದಿರಲು ಆಸರೆ.