ಅನಂತದಲ್ಲೂ ಚಿಕ್ಕದು, ದೊಡ್ಡದು

ಮದುವೆ ಮನೆಯ ಪಂಕ್ತಿಯಲ್ಲಿ ಒಂದೆಲೆಯೂ ಖಾಲಿ ಉಳಿದಿಲ್ಲ, ಎಲೆ ಸಿಗದೆ ನಿಂತವರೂ ಯಾರೂ ಇಲ್ಲ ಎಂದರೆ ಎಲೆಗಳೆಷ್ಟೋ ಜನರೂ ಅಷ್ಟೇ. ಎಣಿಸುವ ಗೋಜೇ ಬೇಡ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಕ್ಯಾಂಟರ್ ಇಂಥ ಜೋಡಣೆಯನ್ನೇ ಅಳತೆಗೋಲಾಗಿ ಹಿಡಿದು ಅನಂತದ ಲೆಕ್ಕಕ್ಕೆ ಇಳಿದ.

ಅವನಿಗಿಂತ ಮೊದಲು ಗೆಲಿಲಿಯೋ ಇದೇ ಬಾಗಿಲವರೆಗೆ ಬಂದಿದ್ದ. 1638ರ ತನ್ನ ಪುಸ್ತಕದಲ್ಲಿ ಅವನು 1, 2, 3, 4 ಎಂಬ ಸಂಖ್ಯೆಗಳನ್ನು ಅವುಗಳ ವರ್ಗಗಳಾದ 1, 4, 9, 16ರ ಜೊತೆ ಜೋಡಿಸಿ ನೋಡಿದ. ಪ್ರತಿ ಸಂಖ್ಯೆಗೂ ಒಂದು ವರ್ಗವಿದೆ. ಹಾಗಾದರೆ ಎರಡೂ ಸಮ. ಆದರೆ ಮೊದಲ ನೂರು ಸಂಖ್ಯೆಗಳಲ್ಲಿ ವರ್ಗಸಂಖ್ಯೆಗಳು ಇರುವುದು ಹತ್ತೇ! ಅನಂತಕ್ಕೆ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳು ಸಲ್ಲುವುದಿಲ್ಲ ಎಂದು ಗೆಲಿಲಿಯೋ ಅಲ್ಲಿಗೇ ಬಿಟ್ಟ. ಕ್ಯಾಂಟರ್ ಬಿಡಲಿಲ್ಲ. ಜೋಡಿ ಕೂಡಿದರೆ ಸಮ ಎಂದೇ ಒಪ್ಪಿಕೊಳ್ಳೋಣ, ಅದು ಎಲ್ಲಿಗೆ ಒಯ್ಯುತ್ತದೋ ನೋಡೋಣ ಎಂದು ಮುಂದೆ ನಡೆದ. ಆ ಧೈರ್ಯವೇ ಅವನ ದೊಡ್ಡತನ ಎಂದು ನನಗನ್ನಿಸುತ್ತದೆ.

ಭಿನ್ನರಾಶಿಗಳನ್ನೇ ನೋಡಿ. 0 ಮತ್ತು 1ರ ನಡುವೆಯೇ ಅವು ಲೆಕ್ಕವಿಲ್ಲದಷ್ಟಿವೆ. ಆದರೂ ಅವನ್ನು ಸಾಲಾಗಿ ನಿಲ್ಲಿಸಬಹುದು. ಅಂಶ ಮತ್ತು ಛೇದ ಕೂಡಿದರೆ 2 ಬರುವುದು ಮೊದಲು: 1/1. ಆಮೇಲೆ 3 ಬರುವುವು: 1/2, 2/1. ಆಮೇಲೆ 4 ಬರುವುವು. ಬಂದದ್ದೇ ಮತ್ತೆ ಬಂದರೆ ಬಿಟ್ಟುಬಿಡಿ. 22/7ರ ಸರದಿ ಮೊತ್ತ 29 ಆದಾಗ ಬಂದೇ ಬರುತ್ತದೆ. ಹೀಗೆ ಯಾವ ಭಿನ್ನರಾಶಿಯೂ ತಪ್ಪಿಹೋಗದು. ಅಂದರೆ ಅವು 1, 2, 3ರಷ್ಟೇ ಇವೆ.

ಹಾಗಾದರೆ ಎಲ್ಲ ಅನಂತವೂ ಒಂದೇ ಅಳತೆಯದೇ? ಅಲ್ಲ ಎಂದು ಕ್ಯಾಂಟರ್ 1874ರಲ್ಲೇ ಸಾಧಿಸಿದ್ದ. 1891ರಲ್ಲಿ ಅದಕ್ಕೆ ಇನ್ನೂ ಸರಳವಾದ ವಾದವೊಂದನ್ನು ಕೊಟ್ಟ. ಅವನು ಎರಡೇ ಅಕ್ಷರಗಳನ್ನು ಬಳಸಿ ಹೇಳಿದ್ದನ್ನು ನಾವು ಅಂಕಿಗಳಲ್ಲಿ ನೋಡೋಣ. 0 ಮತ್ತು 1ರ ನಡುವಿನ ಎಲ್ಲ ದಶಮಾಂಶ ಸಂಖ್ಯೆಗಳನ್ನೂ ಯಾರೋ ಪಟ್ಟಿ ಮಾಡಿ ತಂದಿದ್ದಾರೆ ಎಂದಿಟ್ಟುಕೊಳ್ಳಿ:

0.5182…
0.3333…
0.1415…
0.7071…

ಮೊದಲ ಸಾಲಿನ ಮೊದಲ ಅಂಕಿ, ಎರಡನೇ ಸಾಲಿನ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯಿರಿ: 5, 3, 1, 1. ಈಗ 5 ಇದ್ದಲ್ಲಿ 6 ಬರೆಯಿರಿ, ಬೇರೆ ಏನಿದ್ದರೂ 5 ಬರೆಯಿರಿ. ಸಿಕ್ಕಿದ್ದು 0.6555… ಇದು ಪಟ್ಟಿಯ ಮೊದಲ ಸಂಖ್ಯೆಯಲ್ಲ, ಮೊದಲ ಅಂಕಿಯೇ ಬೇರೆ. ಎರಡನೆಯದೂ ಅಲ್ಲ, ಎರಡನೇ ಅಂಕಿ ಬೇರೆ. ನೂರನೆಯದೂ ಅಲ್ಲ, ನೂರನೇ ಅಂಕಿ ಬೇರೆ. ಎಲ್ಲವೂ ಇದೆ ಎಂದ ಪಟ್ಟಿಯಲ್ಲಿ ಇದಿಲ್ಲ! ಇದನ್ನೂ ಪಟ್ಟಿಗೆ ಸೇರಿಸಿದರೆ ಮುಗಿಯಿತಲ್ಲ ಎನ್ನುವಿರಾ? ಹೊಸ ಪಟ್ಟಿಯಲ್ಲೂ ಓರೆಯಾಗಿ ಇಳಿದರೆ ಇನ್ನೊಂದು ಸಂಖ್ಯೆ ಹೊರಗುಳಿಯುತ್ತದೆ. ಯಾವ ಪಟ್ಟಿಗೂ ಈ ಗತಿ ತಪ್ಪಿದ್ದಲ್ಲ. ದಶಮಾಂಶಗಳ ಅನಂತ ಎಣಿಕೆಯ ಸಂಖ್ಯೆಗಳ ಅನಂತಕ್ಕಿಂತ ದೊಡ್ಡದು.

ಅನಂತದಲ್ಲಿ ಭೇದಗಳಿವೆ ಎಂಬ ಮಾತು ನಮಗೇನೂ ಹೊಸದಲ್ಲ. ಜೈನ ಗ್ರಂಥಗಳು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅವುಗಳಲ್ಲೂ ಒಳಭೇದಗಳನ್ನು ಹೇಳುತ್ತವೆ. ಈ ಚರ್ಚೆಯಿರುವ ವೀರಸೇನಾಚಾರ್ಯರ ‘ಧವಲಾ’ ಟೀಕೆಯ ತಾಳೆಗರಿಗಳು ಉಳಿದುಬಂದದ್ದು ನಮ್ಮ ಮೂಡುಬಿದಿರೆಯಲ್ಲಿ. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಕ್ಯಾಂಟರ್ ಸಾಧಿಸಿದ್ದೆಲ್ಲ ಅಲ್ಲೇ ಇತ್ತು ಎಂದರೆ ಇಬ್ಬರಿಗೂ ಅನ್ಯಾಯ. ವಿಂಗಡಣೆ ಬೇರೆ, ಜೋಡಿ ಕೂಡುವುದೇ ಇಲ್ಲ ಎಂದು ಸಾಧಿಸಿ ತೋರಿಸುವುದು ಬೇರೆ.

ಬರ್ಲಿನ್ನಿನ ಪ್ರಭಾವಿ ಗಣಿತಜ್ಞ ಕ್ರೋನೆಕರ್ ಕ್ಯಾಂಟರ್ ಹಿಡಿದ ಈ ಇಡೀ ದಾರಿಯನ್ನೇ ವಿರೋಧಿಸಿದ. 1884ರಲ್ಲಿ ಕ್ಯಾಂಟರನಿಗೆ ತೀವ್ರ ಖಿನ್ನತೆ ಬಂತು. ಅದು ಮುಂದೆಯೂ ಮರುಕಳಿಸುತ್ತಲೇ ಇತ್ತು. 1918ರಲ್ಲಿ ಹಾಲೆಯ ಮಾನಸಿಕ ಚಿಕಿತ್ಸಾಲಯದಲ್ಲೇ ಅವನು ತೀರಿಕೊಂಡ. ಅನಂತದ ಬಗ್ಗೆ ಯೋಚಿಸಿಯೇ ಬುದ್ಧಿ ಕೆಟ್ಟಿತು ಎಂದು ಕಥೆ ಕಟ್ಟುವವರಿದ್ದಾರೆ. ಅದು ತಪ್ಪು. ಅವನಿಗಿದ್ದದ್ದು ಕಾಯಿಲೆ. ಓರೆಸಾಲಿನ ವಾದವನ್ನು ಅವನು ಲೋಕಕ್ಕೆ ಕೊಟ್ಟದ್ದು ಮೊದಲ ಆಘಾತದ ನಂತರವೇ.

ಅವನನ್ನು ಕೊನೆವರೆಗೂ ಕಾಡಿದ ಪ್ರಶ್ನೆ ಒಂದಿತ್ತು. ಎಣಿಕೆಯ ಅನಂತಕ್ಕೂ ದಶಮಾಂಶಗಳ ಅನಂತಕ್ಕೂ ನಡುವೆ ಇನ್ನೊಂದು ಅಳತೆ ಇದೆಯೇ? ಇಲ್ಲ ಎಂದು ಅವನು ನಂಬಿದ್ದ, ಸಾಧಿಸಲಾಗಲಿಲ್ಲ. 1900ರಲ್ಲಿ ಗಣಿತಜ್ಞ ಹಿಲ್ಬರ್ಟ್, ಗಣಿತ ಬಿಡಿಸಬೇಕಾದ ಸಮಸ್ಯೆಗಳ ತನ್ನ ಪಟ್ಟಿಯಲ್ಲಿ ಇದನ್ನೇ ಮೊದಲಿಗಿಟ್ಟ. ಗಣಿತದ ಒಪ್ಪಿತ ಮೂಲನಿಯಮಗಳಿಂದ ಆ ನಂಬಿಕೆಯನ್ನು ಸುಳ್ಳೆಂದು ತೋರಿಸಲಾಗದು ಎಂದು ಗೋಡೆಲ್, ನಿಜವೆಂದೂ ತೋರಿಸಲಾಗದು ಎಂದು 1963ರಲ್ಲಿ ಪಾಲ್ ಕೋಹೆನ್ ಸಾಧಿಸಿದರು.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ದಶಮಾಂಶಗಳ ಪಟ್ಟಿಯೊಂದನ್ನು ಅವರ ಕೈಯಿಂದಲೇ ಬರೆಸಿ, ಹೊರಗುಳಿದ ಸಂಖ್ಯೆಯನ್ನು ಹುಡುಕಲು ಹೇಳಿ. ಅದಕ್ಕೆ ಬೇಕಾದ ಗಣಿತ ಅವರಿಗೆ ಆಗಲೇ ಗೊತ್ತಿದೆ.