ನೋಯದ ಹುಣ್ಣನ್ನು ನಂಬಬೇಡಿ

ಬಾಯಲ್ಲಿ ಹುಣ್ಣಾದರೆ ನಮ್ಮಲ್ಲಿ ಮೊದಲು ಬರುವ ಮಾತು, 'ಉಷ್ಣ ಆಗಿರಬೇಕು'. ಮಜ್ಜಿಗೆ ಕುಡಿಯುತ್ತೇವೆ, ತುಪ್ಪ ಸವರುತ್ತೇವೆ, ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತರುತ್ತೇವೆ. ಬಹುಪಾಲು ಹುಣ್ಣುಗಳು ವಾರ ಹತ್ತು ದಿನದಲ್ಲಿ ತಾವಾಗಿಯೇ ಮಾಯುತ್ತವೆ. ಹೆದರಬೇಕಾದದ್ದು ಮಾಯದ ಹುಣ್ಣಿಗೆ, ಅದರಲ್ಲೂ ನೋಯದ ಹುಣ್ಣಿಗೆ. ಮಾಮೂಲಿ ಹುಣ್ಣು ಉಪ್ಪು, ಖಾರ ತಾಗಿದರೆ ಚುರುಗುಟ್ಟುತ್ತದೆ. ಬಾಯಿ ಕ್ಯಾನ್ಸರ್ ಮಾತ್ರ ಆರಂಭದಲ್ಲಿ ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದವರು ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಆಸ್ಪತ್ರೆಗೆ ಬರುತ್ತಾರೆ.

ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಬರುತ್ತದೆ. ಎರಡು ಸೆಂಟಿಮೀಟರಿನೊಳಗೆ ಇರುವಾಗಲೇ, ಕುತ್ತಿಗೆಗೆ ಹರಡುವ ಮೊದಲೇ ಸಿಕ್ಕರೆ ನೂರಕ್ಕೆ ಸುಮಾರು 80 ಮಂದಿ ಐದು ವರ್ಷ ದಾಟುತ್ತಾರೆ. ದವಡೆಯ ಮೂಳೆಗೋ ಕುತ್ತಿಗೆಗೋ ಇಳಿದ ಮೇಲೆ ಆ ಸಂಖ್ಯೆ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬೀಳುತ್ತದೆ. ಬೇಗ ಹಿಡಿಯಲು ದೊಡ್ಡ ಯಂತ್ರವೇನೂ ಬೇಡ, ಬೆಳಕು ಮತ್ತು ಕಣ್ಣು ಸಾಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು.

ಕ್ಯಾನ್ಸರಿಗೆ ಮುಂಚೆಯೇ ಬಾಯಿ ಸುಳಿವು ಕೊಡುವುದುಂಟು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಅಂಥ ಒಂದು ಸುಳಿವು. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಮಖಮಲ್ಲಿನಂಥ ಕೆಂಪು ಮಚ್ಚೆ ಅಪರೂಪ, ಆದರೆ ಹೆಚ್ಚು ಅಪಾಯದ್ದು. ಅದನ್ನು ಒಂದು ದಿನವೂ ಕಡೆಗಣಿಸುವಂತಿಲ್ಲ.

ಮೂರನೆಯ ಸುಳಿವನ್ನು ಕರ್ನಾಟಕದವರು ವಿಶೇಷವಾಗಿ ಅರಿತಿರಬೇಕು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಂಬಾಕು ಬೆರೆಸದಿದ್ದರೆ ಅಡಿಕೆಯಿಂದ ತೊಂದರೆಯಿಲ್ಲ ಎಂಬ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ, ಪಾನ್ ಮಸಾಲಾ ಜಗಿಯುವವರಿಗೆ ಮೊದಲು ಸಾರಿನ ಖಾರವೂ ತಡೆಯಲಾಗದಷ್ಟು ಉರಿ ಬರುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ನಾರಿನಂತೆ ಬಿಗಿಯುತ್ತದೆ, ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ನೀವೇ ಪರೀಕ್ಷಿಸಿಕೊಳ್ಳಿ: ತೋರುಬೆರಳು, ನಡುಬೆರಳು, ಉಂಗುರಬೆರಳು ಒಂದರ ಮೇಲೊಂದು ಇರುವಂತೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹೀಗೆ ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ, ಅಡಿಕೆ ಬಿಟ್ಟರೆ ಇನ್ನಷ್ಟು ಕೆಡುವುದನ್ನು ತಡೆಯಬಹುದು.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಟಾರ್ಚ್ ಹಿಡಿದು ನಿಲ್ಲಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ತುಟಿ ಮಗುಚಿ ನೋಡಿ, ಕೆನ್ನೆಯನ್ನು ಬೆರಳಿನಿಂದ ಎಳೆದು ವಸಡು ಮತ್ತು ಕೆನ್ನೆ ಸೇರುವ ಸಂದನ್ನು ನಿಧಾನವಾಗಿ ನೋಡಿ. ಹೊಗೆಸೊಪ್ಪಿನ ಉಂಡೆ ಇಟ್ಟುಕೊಳ್ಳುವುದು ಅಲ್ಲೇ, ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ನಾಲಗೆಯ ಎರಡೂ ಅಂಚು, ನಾಲಗೆಯ ಅಡಿ, ಅಂಗುಳ ನೋಡಿ, ಕೊನೆಗೆ ದವಡೆಯ ಕೆಳಗೆ ಬೆರಳಾಡಿಸಿ ಗಂಟಿದೆಯೇ ತಿಳಿಯಿರಿ. ಯಾವ ಚಟವೂ ಇಲ್ಲದವರಿಗೂ, ಮುಖ್ಯವಾಗಿ ನಾಲಗೆಯಲ್ಲಿ, ಈ ಕ್ಯಾನ್ಸರ್ ಬರುವುದುಂಟು.

ಮೊನಚಾದ ಹಲ್ಲು ತಾಗಿ ಗಾಯವಾಗಿದ್ದರೆ ಹಲ್ಲನ್ನು ಸರಿಮಾಡಿಸಿ. ಯಾವುದೇ ಹುಣ್ಣಿಗೆ ಎರಡು ವಾರ ಗಡುವು ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಆಮೇಲೂ ಇದ್ದರೆ ಮುಲಾಮು ಬದಲಿಸುತ್ತ ಕೂರದೆ ದಂತವೈದ್ಯರಿಗೆ ತೋರಿಸಿ. ಅನುಮಾನ ಬಂದರೆ ಅವರು ಬಯಾಪ್ಸಿ ಮಾಡಿಸುತ್ತಾರೆ: ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಚೂರು ಮಾಂಸ ತೆಗೆಯುತ್ತಾರೆ, ಕೆಲವೇ ನಿಮಿಷದ ಕೆಲಸ. 'ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಮಾತು ಊರೂರಲ್ಲೂ ಇದೆ. ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಆ ಭಯದಲ್ಲಿ ಕಳೆದ ತಿಂಗಳುಗಳೇ ರೋಗ ಹರಡಲು ಎಡೆಮಾಡಿಕೊಡುತ್ತವೆ.

ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ತಂಬಾಕು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಕಡ್ಡಿಪುಡಿ ಹಾಕುವ ಅಜ್ಜಿ, ಅಮ್ಮಂದಿರು ತಾವಾಗಿ ಬಾಯಿ ತೆರೆದು ತೋರಿಸುವುದು ಕಡಿಮೆ. ಈ ಭಾನುವಾರ ನೀವೇ ಟಾರ್ಚ್ ಹಿಡಿದು ಅವರ ಬಾಯಿ ನೋಡಿ.