ಯೂನಿಟ್ ಟೆಸ್ಟಿಗೆ ಬುತ್ತಿ ಕಟ್ಟುವವರು ಯಾರು?

2024ರ ಮಾರ್ಚ್ 1ರ ನಸುಕಿನ 2 ಗಂಟೆಗೆ ಬೆಂಗಳೂರಿನಲ್ಲಿ ಒಂದು ಬಿಲ್ ತಯಾರಾಯಿತು ಎಂದುಕೊಳ್ಳಿ. ಅದೇ ಕ್ಷಣದಲ್ಲಿ ಯುಟಿಸಿ ಗಡಿಯಾರ ಫೆಬ್ರವರಿ 29ರ ರಾತ್ರಿ 8:30 ತೋರಿಸುತ್ತಿರುತ್ತದೆ. ಬಿಲ್ಲಿನ ಮೇಲೆ ಮಾರ್ಚ್ 1 ಎಂದೇ ಬೀಳುತ್ತದೆಯೇ ಎಂದು ನೋಡುವ ಯೂನಿಟ್ ಟೆಸ್ಟ್ ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಪಾಸಾಗಿ, ಯುಟಿಸಿಗೆ ಹೊಂದಿಸಿದ ಸರ್ವರಿನಲ್ಲಿ ಫೇಲಾಗಬಹುದು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಅದು ಓಡಿದ ಯಂತ್ರ ಮಾತ್ರ ಬೇರೆ. ಲಿನಕ್ಸಿನಲ್ಲಿ ‘ಟಿಝಡ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಎರಡೂ ಕಡೆ ಒಂದೇ ಉತ್ತರ ಬರುತ್ತದೆ. ಆ ಬೆಲೆಯನ್ನು ಎಲ್ಲಿ ಬರೆದಿಡಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಪ್ರತಿಯೊಬ್ಬರ ಶೆಲ್ಲಿನಲ್ಲೋ, ಟೆಸ್ಟಿನ ಕೋಡಿನೊಳಗೋ, ಬಿಲ್ಡ್ ಫೈಲಿನಲ್ಲೋ? ಬಿಲ್ಡ್ ಫೈಲೇ ಸರಿಯಾದ ಜಾಗ ಎನ್ನುವುದು ಈ ಅಧ್ಯಾಯದ ವಾದ.

ಎನ್ವಿರಾನ್ಮೆಂಟ್ ವೇರಿಯಬಲ್ 1979ರ ಯೂನಿಕ್ಸ್ 7ನೇ ಆವೃತ್ತಿಯಿಂದ ನಡೆದುಬಂದ ವ್ಯವಸ್ಥೆ. ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸುವಾಗ ಹೆಸರು-ಬೆಲೆಗಳ ಒಂದು ಪಟ್ಟಿಯ ನಕಲನ್ನು ಅದರ ಕೈಗಿಡುತ್ತದೆ. ಮನೆ ಬಿಡುವಾಗ ಕಟ್ಟಿಕೊಟ್ಟ ಬುತ್ತಿಯಂತೆ ಇದು. ಹೊರಟ ಮೇಲೆ ಮನೆಯಲ್ಲಿ ಏನು ಬೇಯಿಸಿದರೂ ಬುತ್ತಿಗೆ ಸೇರುವುದಿಲ್ಲ. ಬಿಲ್ಡ್ ಟೂಲ್‌ಗಳ ಒಂದು ವಿಚಿತ್ರ ನಿಯಮಕ್ಕೂ ಇದೇ ಕಾರಣ. ಸ್ಕಾಲಾದ ಎಸ್‌ಬಿಟಿಯಲ್ಲಿ ಟೆಸ್ಟಿಗಾಗಿ ‘ಎನ್ವ್‌ವಾರ್ಸ್’ ಬರೆದೂ ಬೆಲೆ ತಲುಪಲಿಲ್ಲವೆಂದರೆ, ಬಹುಮಟ್ಟಿಗೆ ‘ಫೋರ್ಕ್’ ಆನ್ ಮಾಡಿರುವುದಿಲ್ಲ. ಟೆಸ್ಟು ಎಸ್‌ಬಿಟಿಯ ಜೆವಿಎಂ ಒಳಗೇ ಓಡಿದರೆ ಹೊಸ ಪ್ರೋಸೆಸ್ಸೇ ಹುಟ್ಟುವುದಿಲ್ಲ, ಹಾಗಾಗಿ ಪಟ್ಟಿ ಕೈಬದಲಾಗುವ ಸಂದರ್ಭವೇ ಬರುವುದಿಲ್ಲ. ಮೇವನ್‌ನ ಶ್ಯೂರ್‌ಫೈರ್ ಪ್ಲಗಿನ್ ತಾನಾಗಿಯೇ ಒಂದು ಹೊಸ ಜೆವಿಎಂ ಎಬ್ಬಿಸುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಆದರೆ ‘ಫೋರ್ಕ್‌ಕೌಂಟ್’ ಸೊನ್ನೆ ಮಾಡಿದವರು ಅದೇ ಗೋಡೆಗೆ ಹಾಯುತ್ತಾರೆ.

ವಾದದ ನಿಜವಾದ ಆಧಾರ ಇರುವುದು ಕ್ಯಾಶ್‌ನಲ್ಲಿ. ಗ್ರೇಡಲ್‌ನಂಥ ಇಂದಿನ ಬಿಲ್ಡ್ ಟೂಲು ಒಮ್ಮೆ ಪಾಸಾದ ಟೆಸ್ಟನ್ನು ಇನ್‌ಪುಟ್ ಬದಲಾಗದಿದ್ದರೆ ಮತ್ತೆ ಓಡಿಸುವುದಿಲ್ಲ, ಹಳೆಯ ಫಲಿತಾಂಶವನ್ನೇ ಮುಂದಿಡುತ್ತದೆ. ಹಾಗಾದರೆ ವೇರಿಯಬಲ್ ಇನ್‌ಪುಟ್ ಹೌದೋ ಅಲ್ಲವೋ? ಗ್ರೇಡಲ್‌ನ ಟೆಸ್ಟ್ ಟಾಸ್ಕಿನಲ್ಲಿ ‘ಎನ್ವಿರಾನ್ಮೆಂಟ್’ ಎಂದು ಬರೆದ ಬೆಲೆ ಟೆಸ್ಟಿಗೆ ತಲುಪುತ್ತದೆ, ಆದರೆ ಇನ್‌ಪುಟ್ ಲೆಕ್ಕಕ್ಕೆ ಸೇರುವುದಿಲ್ಲ. ಬೆಲೆ ಬದಲಿಸಿದರೂ ‘ಅಪ್ ಟು ಡೇಟ್’ ಎಂದು ಸುಮ್ಮನಾಗಬಹುದು. ಅದನ್ನು ಟಾಸ್ಕಿನ ಇನ್‌ಪುಟ್ ಎಂದು ಬೇರೆಯಾಗಿ ಹೇಳಬೇಕು. ಗೋ ಭಾಷೆಯವರು ಬೇರೆ ದಾರಿ ಹಿಡಿದರು. 2018ರ 1.10ನೇ ಆವೃತ್ತಿಯಲ್ಲಿ ಟೆಸ್ಟ್ ಕ್ಯಾಶ್ ತಂದಾಗ, ಟೆಸ್ಟು ಓಡುವಾಗ ಯಾವ ಯಾವ ವೇರಿಯಬಲ್ ಓದಿತು ಎಂದು ಗುರುತಿಟ್ಟುಕೊಂಡು, ಅವುಗಳಲ್ಲಿ ಒಂದು ಬದಲಾದರೂ ಮತ್ತೆ ಓಡಿಸುವಂತೆ ಮಾಡಿದರು. ಗೂಗಲ್ 2015ರಲ್ಲಿ ಹೊರಬಿಟ್ಟ ಬೇಝಲ್ ಎಲ್ಲಕ್ಕಿಂತ ಬಿಗಿ. ಶೆಲ್ಲಿನಲ್ಲಿರುವ ಬಹುಪಾಲು ವೇರಿಯಬಲ್‌ಗಳನ್ನು ಅದು ಟೆಸ್ಟಿನ ಹತ್ತಿರಕ್ಕೇ ಬಿಡುವುದಿಲ್ಲ, ಟಿಝಡ್ ಅನ್ನು ತಾನೇ ಯುಟಿಸಿಗೆ ನಿಲ್ಲಿಸುತ್ತದೆ. ಬೇಕಾದ್ದನ್ನು ನಿಯಮದ ‘ಎನ್ವ್’ ಸಾಲಿನಲ್ಲೋ ‘ಟೆಸ್ಟ್_ಎನ್ವ್’ ಫ್ಲ್ಯಾಗಿನಲ್ಲೋ ಬಾಯಿಬಿಟ್ಟು ಕೇಳಬೇಕು. ಹೊಸಬರಿಗೆ ಇದು ಕಿರಿಕಿರಿ, ನಿಜ. ಆದರೆ ಮೂರು ದಾರಿಗಳೂ ಒಪ್ಪಿಕೊಳ್ಳುವ ಸಂಗತಿ ಒಂದೇ: ವೇರಿಯಬಲ್ ಕೂಡ ಸೋರ್ಸ್ ಫೈಲಿನಷ್ಟೇ ಫಲಿತಾಂಶವನ್ನು ತಿರುಗಿಸಬಲ್ಲದು. ಸೋರ್ಸ್ ಫೈಲಿನ ಲೆಕ್ಕ ಇಡುವವರೇ ಇದರ ಲೆಕ್ಕವನ್ನೂ ಇಡಬೇಕಾಗುತ್ತದೆ. ಶೆಲ್ಲಿನಲ್ಲಿ ‘ಎಕ್ಸ್‌ಪೋರ್ಟ್’ ಮಾಡಿಕೊಂಡ ಬೆಲೆ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಟೆಸ್ಟಿನ ಕೋಡಿನೊಳಗೇ ಬೆಲೆ ಇಟ್ಟರೆ ಓದುವವರಿಗೆ ಎಲ್ಲವೂ ಒಂದೇ ಕಡೆ ಕಾಣುತ್ತದಲ್ಲ ಎಂದು ಕೇಳಬಹುದು. ಜಾವಾದಲ್ಲಿ ಅದಕ್ಕೆ ನೇರ ದಾರಿಯೇ ಇಲ್ಲ. ಭಾಷೆ ಕೊಡುವ ವೇರಿಯಬಲ್ ಪಟ್ಟಿಯನ್ನು ಓದಬಹುದು, ತಿದ್ದುವಂತಿಲ್ಲ. ತಿದ್ದಲು ಬಿಡುವ ಭಾಷೆಗಳಲ್ಲೂ ಆ ಪಟ್ಟಿ ಇಡೀ ಪ್ರೋಸೆಸ್ಸಿಗೆ ಒಂದೇ. ಎರಡು ಟೆಸ್ಟು ಜೊತೆಜೊತೆಗೆ ಓಡುವಾಗ ಒಂದು ಬರೆದದ್ದನ್ನು ಇನ್ನೊಂದು ಓದಿಬಿಡುತ್ತದೆ. ಅದಕ್ಕೇ ಗೋ 1.17ರಲ್ಲಿ ಬಂದ ‘ಸೆಟ್ಎನ್ವ್’ ಅನ್ನು ಪ್ಯಾರಲಲ್ ಟೆಸ್ಟಿನಲ್ಲಿ ಕರೆದರೆ ಟೆಸ್ಟು ಪ್ಯಾನಿಕ್ ಆಗಿ ನಿಲ್ಲುತ್ತದೆ. ರಸ್ಟ್ ತನ್ನ 2024ರ ಎಡಿಷನ್ನಿನಲ್ಲಿ ಇಂಥ ಕರೆಯನ್ನು ‘ಅನ್‌ಸೇಫ್’ ಪಟ್ಟಿಗೆ ಸೇರಿಸಿತು. ಪಾಸ್‌ವರ್ಡನ್ನೂ ಬಿಲ್ಡ್ ಫೈಲಿನಲ್ಲಿ ಬರೆಯಬೇಕೇ ಎಂಬ ಅನುಮಾನಕ್ಕೆ ಉತ್ತರ ಸಣ್ಣದು: ಹೆಸರು ಫೈಲಿನಲ್ಲಿರಲಿ, ಬೆಲೆ ಹೊರಗಿನಿಂದ ಬರಲಿ. ಪೈಥಾನ್‌ನ ಟಾಕ್ಸ್‌ನಲ್ಲಿರುವ ‘ಪಾಸ್ಎನ್ವ್’ ಸಾಲು ಇರುವುದೇ ಇದಕ್ಕೆ. ಅಷ್ಟಕ್ಕೂ, ನಿಜವಾದ ಪಾಸ್‌ವರ್ಡ್ ಇಲ್ಲದೆ ಓಡಲಾರದ ಟೆಸ್ಟನ್ನು ಯೂನಿಟ್ ಟೆಸ್ಟ್ ಎನ್ನುವುದೇ ಕಷ್ಟ.

ಇದಕ್ಕಿಂತ ಚುರುಕಾದ ಆಕ್ಷೇಪವೊಂದಿದೆ. ಟಿಝಡ್ ಅನ್ನು ಯುಟಿಸಿಗೆ ಕಟ್ಟಿಹಾಕಿ, ಟೆಸ್ಟಿನ ನಿರೀಕ್ಷೆಯನ್ನೂ ಅದಕ್ಕೆ ಹೊಂದಿಸಿದರೆ ಬಿಲ್ಲಿನ ದೋಷ ಮುಚ್ಚಿಹೋಗುತ್ತದೆ, ಗುಣವಾಗುವುದಿಲ್ಲ. ಒಪ್ಪಬೇಕಾದ ಮಾತು. ಆದರೆ ಬೆಲೆ ಬಿಲ್ಡ್ ಫೈಲಿನಲ್ಲಿದ್ದರೆ ತಾನೇ ಎರಡು ಬೆಲೆ ಇಡಲು ಸಾಧ್ಯ? ಗ್ರೇಡಲ್‌ನಲ್ಲಿ ಅದೇ ಟೆಸ್ಟುಗಳಿಗೆ ಎರಡು ಟಾಸ್ಕ್ ಮಾಡಿ, ಒಂದಕ್ಕೆ ಯುಟಿಸಿ, ಇನ್ನೊಂದಕ್ಕೆ ಏಷ್ಯಾ/ಕೋಲ್ಕತಾ ಎಂದು ಕೊಟ್ಟರೆ ದೋಷ ಪ್ರತಿಯೊಬ್ಬರ ಯಂತ್ರದಲ್ಲೂ ಮೇಲೆ ಬರುತ್ತದೆ. ಯಾರ ಲ್ಯಾಪ್‌ಟಾಪ್ ಯಾವ ಊರಿನಲ್ಲಿದೆ ಎಂಬ ಅದೃಷ್ಟಕ್ಕೆ ಅದು ಕಾಯಬೇಕಿಲ್ಲ.

ಯೂನಿಟ್ ಟೆಸ್ಟಿಗೆ ವೇರಿಯಬಲ್ ಬೇಕಾಗಲೇಬಾರದು, ಪ್ರೋಗ್ರಾಮಿನ ಬಾಗಿಲಲ್ಲೇ ಬೆಲೆಗಳನ್ನು ಓದಿ ಒಳಗಿನ ಕೋಡಿಗೆ ಆರ್ಗ್ಯುಮೆಂಟ್ ಆಗಿ ಕೊಡಬೇಕು ಎನ್ನುವವರು ಕೊನೆಗೆ ಉಳಿಯುತ್ತಾರೆ. ನಾವೇ ಬರೆಯುವ ಕೋಡಿನ ಮಟ್ಟಿಗೆ ಅವರ ಮಾತೇ ಸರಿ, ಬಿಲ್ಡ್ ಫೈಲಿನಲ್ಲಿ ಹತ್ತಾರು ವೇರಿಯಬಲ್ ಕಂಡರೆ ಅನುಮಾನ ಪಡಬೇಕಾದದ್ದು ಕೋಡಿನ ಮೇಲೆಯೇ. ಆದರೆ ಎಲ್ಲವನ್ನೂ ಓದುವವರು ನಾವಲ್ಲ. ವಿಂಗಡಣೆಯ ಕ್ರಮಕ್ಕೆ ಸಿ ಲೈಬ್ರರಿ ‘ಎಲ್‌ಸಿ_ಆಲ್’ ನೋಡುತ್ತದೆ, ಲಿನಕ್ಸಿನ ಲೋಡರ್ ‘ಎಲ್‌ಡಿ_ಲೈಬ್ರರಿ_ಪಾತ್’ ನೋಡುತ್ತದೆ, ಅದೂ ನಮ್ಮ ಕೋಡಿನ ಮೊದಲ ಸಾಲು ಓಡುವ ಮುಂಚೆಯೇ. ಸಿಮೇಕ್‌ನವರು ಟೆಸ್ಟಿನ ‘ಎನ್ವಿರಾನ್ಮೆಂಟ್’ ಗುಣವಿದ್ದರೂ ಸಾಲದೆಂದು, 3.22ನೇ ಆವೃತ್ತಿಯಲ್ಲಿ ಇಂಥ ಪಾತ್ ಪಟ್ಟಿಗಳ ಹಿಂದೆ ಮುಂದೆ ಬೆಲೆ ಸೇರಿಸುವ ಇನ್ನೊಂದು ಗುಣವನ್ನು ಕೊಟ್ಟದ್ದು ಈ ಒತ್ತಡಕ್ಕೇ.